ಹೊರಗಿನವನ ಪಾಲು

ಜನವರಿ ಕೊನೆಯ ವಾರ. ಮಕ್ಕಳು ಮಲಗಿದ ಮೇಲೆ ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಒಂದು ಕಿಟಕಿಯಲ್ಲಿ ಎಕ್ಸೆಲ್ ಶೀಟ್, ಇನ್ನೊಂದರಲ್ಲಿ ವಯೋಮಿಂಗ್ ಗೇಮ್ ಅಂಡ್ ಫಿಶ್ ಇಲಾಖೆಯ ಅರ್ಜಿ. ನೀರು ಕುಡಿಯಲು ಬಂದ ಹೆಂಡತಿ ಇಣುಕಿ ನೋಡಿ, "ಟ್ಯಾಕ್ಸ್ ಫೈಲ್ ಮಾಡ್ತಿದೀರಾ?" ಅಂದಳು. "ಇಲ್ಲ, ಶಿಕಾರಿ" ಅಂದೆ. ನಕ್ಕು ಹೋದಳು.

ನಗದೆ ಇನ್ನೇನು ಮಾಡಿಯಾಳು. ಅಮೆರಿಕದ ಪಶ್ಚಿಮದ ರಾಜ್ಯಗಳಲ್ಲಿ ಹೊರಗಿನವನೊಬ್ಬ ಅಕ್ಟೋಬರಿನಲ್ಲಿ ಎಲ್ಕ್ ಅನ್ನುವ ದೊಡ್ಡ ಜಿಂಕೆ ಹುಡುಕಿಕೊಂಡು ಬೆಟ್ಟ ಹತ್ತಬೇಕೆಂದರೆ ಆ ಶಿಕಾರಿ ಶುರುವಾಗುವುದು ಹೀಗೆಯೇ. ಚಳಿಗಾಲದಲ್ಲಿ, ಮನೆಯೊಳಗೆ, ಕ್ರೆಡಿಟ್ ಕಾರ್ಡ್ ಕೈಯಲ್ಲಿ ಹಿಡಿದುಕೊಂಡು. ಕೋವಿಯ ಸರದಿ ಬರುವುದು ಎಂಟು ತಿಂಗಳ ಮೇಲೆ. ಎಷ್ಟೋ ವರ್ಷ ಬರುವುದೇ ಇಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇಲ್ಲಿ ದೊಡ್ಡ ಪ್ರಾಣಿ ಹೊಡೆಯಲು ಟ್ಯಾಗ್ ಬೇಕು. ಒಂದು ಪ್ರಾಣಿಗೆ ಒಂದು ಚೀಟಿ. ಯಾವ ಜಾತಿ, ಗಂಡೋ ಹೆಣ್ಣೋ, ಯಾವ ಯೂನಿಟ್ (ಬೇಟೆಗೆಂದು ರಾಜ್ಯವನ್ನು ಹಂಚಿದ ತುಂಡು), ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಬಿಲ್ಲೋ ಬಂದೂಕೋ, ಎಲ್ಲ ಆ ಚೀಟಿಯಲ್ಲೇ ಇರುತ್ತದೆ. ಪ್ರಾಣಿ ಬಿದ್ದ ಕೂಡಲೇ ತಾರೀಖು ಗುರುತು ಮಾಡಬೇಕು. ಚೀಟಿ ಇಲ್ಲದೆ ಹೊಡೆದರೆ ಅದು ಕಳ್ಳಬೇಟೆ, ಅಷ್ಟೆ. ಕಾಡು ಕೇಂದ್ರ ಸರ್ಕಾರದ್ದಾಗಿರಬಹುದು, ಆದರೆ ಅಲ್ಲಿ ಓಡಾಡುವ ಪ್ರಾಣಿ ಆ ರಾಜ್ಯದ ಸುಪರ್ದಿಯಲ್ಲಿರುತ್ತದೆ. ಹಾಗಾಗಿ ಪ್ರತಿ ರಾಜ್ಯಕ್ಕೂ ಬೇರೆ ಅರ್ಜಿ, ಬೇರೆ ಗಡುವು, ಬೇರೆ ಲೆಕ್ಕ.

ನಾನಿರುವುದು ಟೆಕ್ಸಾಸಿನಲ್ಲಿ. ಇಲ್ಲಿ ಜಿಂಕೆಗೇನೂ ಬರಗಾಲವಿಲ್ಲ. ಆದರೆ ರಾಜ್ಯದ ಹೆಚ್ಚುಕಡಿಮೆ 95 ಭಾಗ ನೆಲ ಖಾಸಗಿ. ಶಿಕಾರಿ ಅಂದರೆ ಯಾರದೋ ರ‍್ಯಾಂಚನ್ನು ಲೀಸಿಗೆ ಹಿಡಿಯಬೇಕು, ಜೋಳ ಉದುರಿಸುವ ಯಂತ್ರದ ಮುಂದೆ ಡಬ್ಬದಂಥ ಗೂಡಿನಲ್ಲಿ ಕೂರಬೇಕು. ಎರಡು ವರ್ಷ ಕೂತೆ. ಮನಸ್ಸು ಒಗ್ಗಲಿಲ್ಲ. ನಮ್ಮ ಕಡೆ ಮರಸು ಕೂರುತ್ತಿದ್ದರಲ್ಲ, ಹಣ್ಣು ಬಿಟ್ಟ ಮರದ ಮೇಲೆ ರಾತ್ರಿಯಿಡೀ, ಅದರ ಸೋಮಾರಿ ತಮ್ಮನ ಹಾಗೆ ಕಂಡಿತು.

ನಮ್ಮ ಕಡೆ ಅಂದರೆ ಮೂಡಿಗೆರೆ ಕಡೆ. ನಾನು ಹುಟ್ಟುವ ಹೊತ್ತಿಗೆ ಅಲ್ಲಿ ಶಿಕಾರಿ ಮುಗಿದಿತ್ತು. 1972ರ ವನ್ಯಜೀವಿ ಕಾಯಿದೆ ಬಂದಿತ್ತು. ಅಜ್ಜನ ಕೋವಿ ಬೆಳೆ ಕಾಯುವ ಲೈಸೆನ್ಸಿನಲ್ಲಿ ಗೋಡೆಗೆ ಒರಗಿ ನಿಂತಿತ್ತು. ಎಲೆಕ್ಷನ್ ಬಂದಾಗಲೆಲ್ಲ ಅದನ್ನು ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಡಿಪಾಸಿಟ್ ಮಾಡಿ ಬರುವುದೇ ಅದರ ತಿರುಗಾಟ. ನನಗೆ ಸಿಕ್ಕಿದ್ದು ಬರೀ ಕಥೆ. ಹಳು ಸೋವುವುದು, ಅಂದರೆ ಗದ್ದಲ ಮಾಡಿ ಪೊದೆಯಿಂದ ಪ್ರಾಣಿ ಎಬ್ಬಿಸುವುದು, ಅದು ಹಾಯುವ ಕಂಡಿಯಲ್ಲಿ ಕೋವಿ ಹಿಡಿದು ನಿಲ್ಲುವುದು, ಆಮೇಲೆ ಪಾಲು ಹಾಕುವುದು. ಕಥೆ ಹೇಳುವಾಗ ಅಜ್ಜ ಈಡು ಹೊಡೆದ ಗಳಿಗೆಯನ್ನು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಪಾಲಿನ ಲೆಕ್ಕವನ್ನು ಮಾತ್ರ ಎಳೆ ಎಳೆಯಾಗಿ ಹೇಳುತ್ತಿದ್ದರು. ಕೋವಿಗೆ ಒಂದು ಪಾಲು. ನಾಯಿಗೆ ಒಂದು ಪಾಲು, ಅಂದರೆ ನಾಯಿ ತಂದವನಿಗೆ. ಹಳು ಸೋವಿದವರಿಗೆ ತಲಾ ಒಂದು. ಹಂದಿ ಯಾರ ತೋಟದಲ್ಲಿ ಬಿತ್ತೋ ಅವರಿಗೊಂದು.

ಅಮೆರಿಕಕ್ಕೆ ಬಂದಾಗ ಎಚ್‌1ಬಿ ವೀಸಾ. ಆ ವೀಸಾದವರು ಇಲ್ಲಿ ಬಂದೂಕು ಮುಟ್ಟುವಂತಿಲ್ಲ ಅಂತ ಕೇಂದ್ರದ ಕಾನೂನೇ ಇದೆ. ಅದೇ ಕಾನೂನಿನಲ್ಲಿ ಒಂದು ಸಂದಿಯೂ ಇದೆ. ಯಾವುದಾದರೂ ರಾಜ್ಯದ ಹಂಟಿಂಗ್ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಆ ನಿಷೇಧ ತಾಗುವುದಿಲ್ಲ. ಇದು ಗೊತ್ತಾದ ದಿನ ನನಗೆ ವಿಚಿತ್ರ ಖುಷಿ ಆಯಿತು. ಸಾಫ್ಟ್‌ವೇರ್ ಕೆಲಸಕ್ಕೆ ಬಂದವನನ್ನು ಈ ದೇಶ ಬೇಟೆಗಾರ ಅಂತ ಒಪ್ಪಿಕೊಳ್ಳಲು ತಯಾರಿದೆ! ಹಂಟರ್ ಎಜುಕೇಷನ್ ಪರೀಕ್ಷೆ ಬರೆದೆ. ಮಗನ ವಯಸ್ಸಿನ ಹುಡುಗರ ಜೊತೆ ಕೂತು, ಬೇಲಿ ದಾಟುವಾಗ ಕೋವಿ ಹೇಗೆ ಹಿಡಿಯಬೇಕು ಅಂತ ಕಲಿತೆ. ಗ್ರೀನ್ ಕಾರ್ಡ್ ಬಂದಿದ್ದು ಆಮೇಲೆ.

ಆಮೇಲೆ ಶುರುವಾಯಿತು ಈ ಎಕ್ಸೆಲ್ ಶೀಟ್.

ಪ್ರತಿ ರಾಜ್ಯದ ಅರ್ಜಿಯಲ್ಲೂ ಮೊದಲ ಪ್ರಶ್ನೆ ಒಂದೇ. ರೆಸಿಡೆಂಟಾ, ನಾನ್ ರೆಸಿಡೆಂಟಾ? ಉಳಿದದ್ದೆಲ್ಲ ಆ ಉತ್ತರದ ಮೇಲೆ ನಿಂತಿದೆ. ವಯೋಮಿಂಗಿನವನಿಗೆ ಎಲ್ಕ್ ಲೈಸೆನ್ಸ್, ಅಂದರೆ ಟ್ಯಾಗೇ, 57 ಡಾಲರ್. ನನಗೆ 692. ಅಷ್ಟು ಕೊಟ್ಟರೂ ಸಿಗುವ ಗ್ಯಾರಂಟಿ ಇಲ್ಲ, ಬರೀ ಡ್ರಾನಲ್ಲಿ, ಅಂದರೆ ಲಾಟರಿಯಲ್ಲಿ, ಹೆಸರು. ಸರಿಸುಮಾರು ಅದೇ ಹೊತ್ತಿಗೆ ಊರಿನ ಬ್ಯಾಂಕಿನವರು ನನ್ನ ಹಳೇ ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಗೆ ಬದಲಾಯಿಸಬೇಕು ಅಂತ ಅಮ್ಮನ ಹತ್ತಿರ ಫಾರಂ ಕಳಿಸಿದ್ದರು. ಅದರಲ್ಲೂ ನಾನ್ ರೆಸಿಡೆಂಟ್. ಫೋನಿನಲ್ಲಿ ಎರಡೂ ಕಥೆ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲೂ ಹೊರಗಿನವ್ನು, ಇಲ್ಲೂ ಹೊರಗಿನವ್ನು. ಹಂಗಾರೆ ನೀನು ಒಳಗಿರೋದು ಎಲ್ಲೋ ಮಾರಾಯ?" ಅಂದರು.

ಟೆಕ್ಸಾಸಿನಲ್ಲಿ ಅಂತ ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ.

ಇರಲಿ. ಡ್ರಾ ಹೇಗೆ ನಡೆಯುತ್ತದೆ ಅನ್ನುವುದು ಒಂದು ಶಾಸ್ತ್ರವೇ ಸರಿ. ಬೆಂಗಳೂರಿನವರಿಗೆ ಬಿಡಿಎ ಸೈಟಿನ ಉದಾಹರಣೆ ಕೊಟ್ಟರೆ ಬೇಗ ಅರ್ಥವಾಗುತ್ತದೆ. "ಇದು ಎಷ್ಟನೇ ಅಟೆಂಪ್ಟು?" ಅಂತ ಕೇಳುತ್ತಿದ್ದರು ನೋಡಿ, ಹೆಚ್ಚು ಸಲ ಅರ್ಜಿ ಹಾಕಿ ಸಿಗದವರಿಗೆ ಆದ್ಯತೆ. ಕೊಲರಾಡೋದ ಪ್ರಿಫರೆನ್ಸ್ ಪಾಯಿಂಟ್ ಹೆಚ್ಚುಕಡಿಮೆ ಅದೇ. ಮೊದಲ ಆಯ್ಕೆಯ ಟ್ಯಾಗ್ ಸಿಗದಿದ್ದರೆ ಒಂದು ಪಾಯಿಂಟ್. ಜಾಸ್ತಿ ಪಾಯಿಂಟ್ ಇದ್ದವನು ಸಾಲಿನಲ್ಲಿ ಮುಂದೆ. ಸಿಕ್ಕ ದಿನ ಪಾಯಿಂಟೆಲ್ಲ ಸೊನ್ನೆ. ನೆವಾಡಾದ್ದು ಸಾಲು ಅಲ್ಲ, ಚೀಟಿ ಎತ್ತುವ ಮಡಕೆ. ಅಲ್ಲಿ ಪಾಯಿಂಟನ್ನು ಅದರಿಂದಲೇ ಗುಣಿಸುತ್ತಾರೆ. 10 ಪಾಯಿಂಟ್ ಇದ್ದರೆ 100, ಈ ವರ್ಷದ ಅರ್ಜಿಗೆ ಇನ್ನೊಂದು, ಒಟ್ಟು 101 ಚೀಟಿ ಮಡಕೆಯಲ್ಲಿ ನಿಮ್ಮದು. ಯೂಟಾ ಬೋನಸ್ ಪಾಯಿಂಟಿನ ಟ್ಯಾಗುಗಳಲ್ಲಿ ಅರ್ಧವನ್ನು ಸಾಲಿನ ತಲೆಯಲ್ಲಿರುವವರಿಗೆ ಕೊಟ್ಟು, ಉಳಿದರ್ಧಕ್ಕೆ ಚೀಟಿ ಎತ್ತುತ್ತದೆ. ಅರಿಜೋನಾ ಶೇ. 20ನ್ನು ಹೆಚ್ಚು ಪಾಯಿಂಟಿನವರಿಗೆ ತೆಗೆದಿಡುತ್ತದೆ. ನ್ಯೂ ಮೆಕ್ಸಿಕೋಗೆ ಇದ್ಯಾವುದರ ಗೊಡವೆ ಇಲ್ಲ. ನಿನ್ನೆ ಬಂದವನೂ ಇಪ್ಪತ್ತು ವರ್ಷದಿಂದ ಬಂದವನೂ ಒಂದೇ. ಆದರೆ ನೂರರಲ್ಲಿ 84 ಟ್ಯಾಗ್ ಆ ರಾಜ್ಯದವರಿಗೆ, 10 ಗೈಡ್ ಜೊತೆ ಒಪ್ಪಂದ ಮಾಡಿಕೊಂಡವರಿಗೆ, ಉಳಿದ 6 ನನ್ನಂಥ ಒಂಟಿ ಹೊರಗಿನವರಿಗೆ.

ಐಡಹೋ ಬಹಳ ವರ್ಷ ತತ್ಕಾಲ್ ಟಿಕೆಟಿನ ಹಾಗೆ ನಡೆಸುತ್ತಿತ್ತು. ಡಿಸೆಂಬರಿನಲ್ಲಿ ಒಂದು ಬೆಳಗ್ಗೆ ಆನ್‌ಲೈನ್ ಸಾಲು ತೆರೆಯುತ್ತಿತ್ತು. ನಾನು ಮೂರು ಡಿವೈಸ್ ಹಿಡಿದು ಕಾದು, ಸಾವಿರಗಟ್ಟಲೆ ಜನರ ಹಿಂದೆ ನಿಂತಿದ್ದೆ. ಈಗ ಅದನ್ನೂ ಡ್ರಾ ಮಾಡಿದ್ದಾರೆ. ಒಳ್ಳೆಯದೇ ಆಯಿತು. ಆ ಸುತ್ತುವ ಚಕ್ರವನ್ನು ನೋಡುತ್ತ ಕೂರುವುದಕ್ಕಿಂತ ಸೋಲುವುದು ಮೇಲು.

ಮೊದಲ ವರ್ಷ ನಾನು ಮಾಡಿದ ತಪ್ಪು, ಹೊಸಬರೆಲ್ಲ ಮಾಡುವ ತಪ್ಪೇ. ಎಲ್ಲ ಕಡೆ ಪಾಯಿಂಟ್ ಹಾಕಿದೆ. ವಯೋಮಿಂಗ್, ಕೊಲರಾಡೋ, ಯೂಟಾ, ನೆವಾಡಾ, ಅರಿಜೋನಾ, ಮೊಂಟಾನಾ. ಎಲ್ಕ್, ಮ್ಯೂಲ್ ಡಿಯರ್ ಅನ್ನುವ ಜಿಂಕೆ, ಪ್ರಾಂಗ್‌ಹಾರ್ನ್ ಅನ್ನುವ ಹುಲ್ಲೆಯಂಥ ಬಯಲಿನ ಪ್ರಾಣಿ. ಸೀಟು ಹಿಡಿಯಲು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದ ಹಾಗೆ. ಎಸೆದ ಟವೆಲಿಗೂ ಬಾಡಿಗೆ ಉಂಟು ಅಂತ ಆಮೇಲೆ ಗೊತ್ತಾಯಿತು. ನೆವಾಡಾದಲ್ಲಿ ಅರ್ಜಿ ಹಾಕಬೇಕಾದರೆ ಮೊದಲು ಅಲ್ಲಿನ ಹಂಟಿಂಗ್ ಲೈಸೆನ್ಸ್ ಕೊಳ್ಳಬೇಕು, ನಾನು ಕಟ್ಟಿದಾಗ 155 ಡಾಲರ್. ಅರಿಜೋನಾದಲ್ಲೂ ಹಾಗೆಯೇ, 160. ಅಲ್ಲಿ ಕಾಲಿಡದೆ, ಒಂದು ಮೊಲವನ್ನೂ ನೋಡದೆ, ವರ್ಷ ವರ್ಷ ಕಟ್ಟಿದೆ. ಹೆಂಡತಿಗೆ ಈ ಲೆಕ್ಕ ಪೂರ್ತಿ ಹೇಳಿಲ್ಲ. ಅವಳು ಇದನ್ನು ಓದುವುದಿಲ್ಲ ಅಂತ ಧೈರ್ಯ.

ದುಡ್ಡಿಗಿಂತ ಹೊಟ್ಟೆ ಉರಿಸುವುದು ಇನ್ನೊಂದು ಲೆಕ್ಕ. ಇಲ್ಲಿಯವರು ಅದಕ್ಕೆ ಪಾಯಿಂಟ್ ಕ್ರೀಪ್ ಅನ್ನುತ್ತಾರೆ. ಒಂದು ಯೂನಿಟ್‌ನಲ್ಲಿ ಹೊರಗಿನವರಿಗೆ ವರ್ಷಕ್ಕೆ 5 ಟ್ಯಾಗ್ ಇದೆ ಅಂದುಕೊಳ್ಳಿ. ಸಾಲಿನ ತಲೆಯಲ್ಲಿ ಒಂದೇ ಸಮ ಪಾಯಿಂಟ್ ಇರುವವರು 60 ಜನ. ಅವರು ಕರಗಲು 12 ವರ್ಷ ಬೇಕು. ಅವರ ಹಿಂದೆ ಒಂದು ಪಾಯಿಂಟ್ ಕಮ್ಮಿ ಇರುವವರು 80 ಜನ. ಅವರು 12 ವರ್ಷ ಕಾದ ಮೇಲೆ ತಾನೇ ತಮ್ಮ 16 ವರ್ಷ ಶುರು. ನೀವು ವರ್ಷಕ್ಕೊಂದು ಪಾಯಿಂಟ್ ಕೂಡಿಸುತ್ತೀರಿ, ಬೇಕಾಗುವ ಪಾಯಿಂಟೂ ವರ್ಷಕ್ಕೊಂದು ಏರುತ್ತದೆ. ಕೊಲರಾಡೋದ ವಾಯವ್ಯ ಮೂಲೆಯಲ್ಲಿ 201 ಅನ್ನುವ ಯೂನಿಟ್ ಇದೆ, ದೊಡ್ಡ ಕೊಂಬಿನ ಎಲ್ಕ್‌ಗೆ ಹೆಸರುವಾಸಿ. 20ಕ್ಕೂ ಜಾಸ್ತಿ ಪಾಯಿಂಟ್ ಕೇಳುತ್ತದೆ. ನನ್ನ ಹತ್ತಿರ 7. ನನಗೀಗ 46. ಶೀಟಿನಲ್ಲಿ ಸುಮ್ನೆ ಒಂದು ಕಾಲಂ ಸೇರಿಸಿ, ಟ್ಯಾಗ್ ಸಿಗುವ ವರ್ಷ ನನ್ನ ವಯಸ್ಸೆಷ್ಟು ಅಂತ ಫಾರ್ಮುಲಾ ಹಾಕಿದೆ. ಸಾಲೇ ಓಡುತ್ತಿರುವಾಗ ಫಾರ್ಮುಲಾ ಎಲ್ಲಿ ನಿಲ್ಲುತ್ತದೆ? ಶೀಟಿನ ಒಂದು ಚೌಕದಲ್ಲಿ 83 ಬಂತು. ಅಜ್ಜ 70 ದಾಟಿದ ಮೇಲೆ ಮನೆ ಹಿಂದಿನ ಗುಡ್ಡವನ್ನೂ ಹತ್ತಲಿಲ್ಲ.

ಪಾಯಿಂಟ್ ಅಂದರೆ ಬ್ಯಾಂಕಿನ ಡಿಪಾಸಿಟ್ ಅಂತ ತಿಳಿದವರೂ ಇದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ. ಯಾವ ರಾಜ್ಯವೂ ಹಾಗಂತ ಬರೆದುಕೊಟ್ಟಿಲ್ಲ. ಕೊಲರಾಡೋ 2024ರಿಂದ ಡ್ರಾನಲ್ಲಿ ಹೊರಗಿನವರ ಪಾಲನ್ನು ಹೆಚ್ಚಿನ ಕಡೆ ಶೇ. 25ಕ್ಕೆ ಇಳಿಸಿತು. 2025ರಿಂದ ಬಿಲ್ಲು-ಬಾಣದ ಎಲ್ಕ್ ಟ್ಯಾಗನ್ನು ಹೊರಗಿನವರಿಗೆ ಡ್ರಾ ಇಲ್ಲದೆ ಅಂಗಡಿಯಲ್ಲಿ ಕೊಡುವುದನ್ನು ಹೆಚ್ಚಿನ ಕಡೆ ನಿಲ್ಲಿಸಿತು. ಹಿಮವಂತೂ ಯಾರ ಪಾಯಿಂಟನ್ನೂ ನೋಡುವುದಿಲ್ಲ. 2022-23ರ ಚಳಿಗಾಲ ವಯೋಮಿಂಗಿನ ಪಶ್ಚಿಮ ಭಾಗದಲ್ಲಿ ಪ್ರಾಂಗ್‌ಹಾರ್ನ್, ಮ್ಯೂಲ್ ಡಿಯರ್ ಹಿಂಡುಗಳನ್ನೇ ಉರುಳಿಸಿತು. ಮುಂದಿನ ವರ್ಷ ಅಲ್ಲಿ ಟ್ಯಾಗ್ ಗಣನೀಯವಾಗಿ ಕಡಿತ. ಆ ಯೂನಿಟ್‌ಗಾಗಿ ಹತ್ತು ವರ್ಷ ಕೂಡಿಸಿದವರು ಮತ್ತೆ ಮ್ಯಾಪ್ ಬಿಚ್ಚಿದರು.

ವಯೋಮಿಂಗಿನಲ್ಲಿ ಇನ್ನೊಂದು ಚೋದ್ಯ ಇದೆ. ಅದೇ ಎಲ್ಕ್ ಟ್ಯಾಗಿಗೆ ಹೊರಗಿನವರು ರೆಗ್ಯುಲರ್ ಅಂತ 692 ಕಟ್ಟಬಹುದು, ಇಲ್ಲ ಸ್ಪೆಷಲ್ ಅಂತ 1,950 ಡಾಲರ್ ಕಟ್ಟಬಹುದು. ಪ್ರಾಣಿ ಅದೇ, ಬೆಟ್ಟ ಅದೇ. ಸ್ಪೆಷಲ್ ಸಾಲಿನಲ್ಲಿ ಜನ ಕಮ್ಮಿ ಇರುತ್ತಾರೆ, ಅಷ್ಟೇ. ತಿರುಪತಿಯ 300 ರೂಪಾಯಿ ಟಿಕೆಟ್ಟು. ನಾನು ಅಲ್ಲಿಯೂ ಆ ಸಾಲಿನಲ್ಲಿ ನಿಂತವನಲ್ಲ, ಇಲ್ಲಿಯೂ ನಿಲ್ಲುವುದಿಲ್ಲ. ಜಿಪುಣತನಕ್ಕೆ ತತ್ವದ ಬಣ್ಣ ಬಳಿಯುತ್ತಿದ್ದೇನೆ ಅನ್ನಿ, ಬೇಜಾರಿಲ್ಲ.

ನನಗೆ ನಿಜಕ್ಕೂ ಸಿಟ್ಟು ಬಂದಿದ್ದು ವಿಲ್ಡರ್‌ನೆಸ್ ಕಾನೂನಿಗೆ. ವಯೋಮಿಂಗಿನಲ್ಲಿ ಕೇಂದ್ರ ಸರ್ಕಾರ ವಿಲ್ಡರ್‌ನೆಸ್ ಅಂತ ಗುರುತಿಸಿದ ಕಾಡಿನಲ್ಲಿ ಹೊರಗಿನವನು ಒಬ್ಬನೇ ನಡೆಯಬಹುದು, ಟೆಂಟ್ ಹಾಕಬಹುದು, ಮೀನು ಹಿಡಿಯಬಹುದು. ಎಲ್ಕ್ ಟ್ಯಾಗ್ ಹಿಡಿದು ಹೋದರೆ ಮಾತ್ರ ಲೈಸೆನ್ಸ್ ಇರುವ ಗೈಡ್ ಬೇಕು, ಇಲ್ಲವೇ ಅದಕ್ಕೆಂದೇ ಕಾಗದ ಮಾಡಿಸಿಕೊಂಡ ಆ ರಾಜ್ಯದವನೊಬ್ಬ ಜೊತೆಗಿರಬೇಕು. ದಾರಿ ತಪ್ಪುವ ಭಯವಂತೆ. ಮೀನು ಹಿಡಿಯುವಾಗ ತಪ್ಪದ ದಾರಿ ಕೋವಿ ಹಿಡಿದಾಗ ತಪ್ಪುತ್ತದೆಯೇ? ಯಾರ ಹೊಟ್ಟೆಪಾಡಿಗೆ ಮಾಡಿದ ಕಾನೂನು ಅಂತ ಚಿಕ್ಕ ಮಕ್ಕಳಿಗೂ ಗೊತ್ತಾಗುತ್ತದೆ.

ಈ ಜಗಳ ಹೊಸದಲ್ಲ. 1976ರಲ್ಲಿ ಮೊಂಟಾನಾದವನಿಗೆ ಎಲ್ಕ್ ಲೈಸೆನ್ಸ್ 9 ಡಾಲರ್ ಇದ್ದಾಗ ಹೊರಗಿನವನು ಹಲವು ಪ್ರಾಣಿಗೆ ಸೇರಿಸಿ ಕೊಡುವ 225 ಡಾಲರಿನ ಕಾಂಬಿನೇಷನ್ ಲೈಸೆನ್ಸನ್ನೇ ಕೊಳ್ಳಬೇಕಿತ್ತು. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ತನಕ ಹೋದರು. 1978ರಲ್ಲಿ ಕೋರ್ಟು ರಾಜ್ಯದ ಪರ ನಿಂತಿತು. ಬೇರೆ ರಾಜ್ಯಕ್ಕೆ ಹೋಗಿ ದುಡಿಯುವುದು ಹಕ್ಕು, ಎಲ್ಕ್ ಹೊಡೆಯುವುದು ಮನರಂಜನೆ ಅನ್ನುವ ಅರ್ಥದ ತೀರ್ಪು. 2002ರಲ್ಲಿ, ಹೊರಗಿನವರಿಗೆ ಶೇ. 10 ಟ್ಯಾಗ್ ಮಾತ್ರ ಅನ್ನುವ ಅರಿಜೋನಾದ ಮಿತಿಯ ವಿಷಯದಲ್ಲಿ ಒಂದು ಮೇಲ್ಮನವಿ ಕೋರ್ಟು ಹೊರಗಿನವರ ಕಡೆ ವಾಲಿತು. 2005ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿ, ಹೊರಗಿನವರಿಗೆ ಎಷ್ಟು ಕೊಡಬೇಕು ಅನ್ನುವುದು ರಾಜ್ಯಗಳ ಇಷ್ಟ ಅಂತ ಬಾಗಿಲು ಹಾಕಿತು.

ಇದನ್ನೆಲ್ಲ ಓದುವಾಗ ನಾನು ಪೂರ್ತಿ ಹೊರಗಿನವರ ವಕೀಲನಾಗಿದ್ದೆ. ಒಂದು ರಾತ್ರಿ ಅಜ್ಜನ ಮಾತು ನೆನಪಾಯಿತು. ಅವರ ಕಾಲದಲ್ಲಿ ಪೇಟೆಯಿಂದ ಜೀಪಿನಲ್ಲಿ ಬರುತ್ತಿದ್ದ ಶಿಕಾರಿಯವರಿದ್ದರು. ಒಳ್ಳೆಯ ತೋಟಾ, ಒಳ್ಳೆಯ ಕೋವಿ, ಸರ್ಚ್‌ಲೈಟು. ರಾತ್ರಿ ಬಂದು ಕಡವೆ ಹೊಡೆದು ಬೆಳಗಾಗುವುದರೊಳಗೆ ಘಾಟಿ ಇಳಿಯುತ್ತಿದ್ದರಂತೆ. ಯಾರಿಗೂ ಪಾಲಿಲ್ಲ. "ಮಳೆಗಾಲದಾಗೆ ಇಂಬಳದ ಹತ್ರ ಕಚ್ಚಿಸ್ಕೊಂಡು ಇರೋರು ನಾವು. ಮಾಗೀಲಿ ಬಂದು ಹೊಡ್ಕೊಂಡು ಹೋಗೋರು ಅವ್ರು" ಅನ್ನುತ್ತಿದ್ದರು ಅಜ್ಜ. ಅಷ್ಟು ವರ್ಷ ಆದ ಮೇಲೂ ದನಿಯಲ್ಲಿ ಸಿಟ್ಟಿರುತ್ತಿತ್ತು.

ಜೀಪಿನಲ್ಲಿ ಈಗ ನಾನಿದ್ದೇನೆ. ವಯೋಮಿಂಗಿನವನು ಆರು ತಿಂಗಳು ಹಿಮ, ಗಾಳಿ ತಡೆದುಕೊಂಡು ಅಲ್ಲೇ ಇರುತ್ತಾನೆ. ಎಲ್ಕ್ ಹಿಂಡು ಬಂದು ಅವನ ದನದ ಹುಲ್ಲು ತಿನ್ನುತ್ತದೆ. ನಾನು ಟೆಕ್ಸಾಸಿನಿಂದ ಎರಡು ದಿನ ಗಾಡಿ ಓಡಿಸಿಕೊಂಡು ಹೋಗಿ, ಐದು ದಿನ ಇದ್ದು, ಕೂಲರ್ ತುಂಬಿಸಿಕೊಂಡು ವಾಪಸ್. ನನಗೆ ಹನ್ನೆರಡು ಪಟ್ಟು ರೇಟು ಹಾಕಿದರೆ ಅದೇನು ಅನ್ಯಾಯ? ಆ ದುಡ್ಡು ಹೋಗುವುದು ಆ ಪ್ರಾಣಿಗಳನ್ನು ನೋಡಿಕೊಳ್ಳುವ ಇಲಾಖೆಗೇ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆಯ ಪ್ರಕಾರ, ರಾಜ್ಯ ಲೈಸೆನ್ಸಿನ ಹಣವನ್ನು ಬೇರೆಯದಕ್ಕೆ ತಿರುಗಿಸಿದರೆ ಕೇಂದ್ರದಿಂದ ಬರುವ ಪಾಲು ನಿಲ್ಲುತ್ತದೆ. ಉದ್ದ ಬಂದೂಕು, ತೋಟಾಗಳ ಮೇಲಿನ ಶೇ. 11 ತೆರಿಗೆಯಿಂದ ಬರುವ ಪಾಲು ಅದು. ವಿಲ್ಡರ್‌ನೆಸ್ ಕಾನೂನಿನ ಮೇಲಿನ ಸಿಟ್ಟು ಮಾತ್ರ ಹಾಗೇ ಇದೆ. ಅದನ್ನು ಬಿಡುವುದಿಲ್ಲ.

ಪಾಯಿಂಟ್ ಕೂಡಿಸುವ ಹುಚ್ಚು ಬಿಡಿಸಿದ್ದು ಒಂದು 34 ಡಾಲರಿನ ಚೀಟಿ. ವಯೋಮಿಂಗಿನಲ್ಲಿ ಹೆಣ್ಣು ಪ್ರಾಂಗ್‌ಹಾರ್ನ್ ಟ್ಯಾಗ್ ಹೊರಗಿನವರಿಗೂ ಅಷ್ಟು ಅಗ್ಗ. ಪಾಯಿಂಟ್ ಖರ್ಚಾಗುವುದಿಲ್ಲ. ಗಂಡಿನ ಕೊಂಬು ಗೋಡೆಗೆ ಬೇಕು ಅನ್ನುವವರಿಗೆ ಅದು ಟ್ಯಾಗೇ ಅಲ್ಲ. ನಾನು ಸುಮ್ನೆ ಹಾಕಿದ್ದೆ, ಬಂತು. ಸೆಪ್ಟೆಂಬರ್ ಕೊನೆಗೆ ಅಮರಿಲ್ಲೋ, ರಟೋನ್, ಶಾಯೆನ್ ದಾಟಿ ರಾಜ್ಯದ ಪೂರ್ವದ ಬಯಲಿಗೆ ಹೋದೆ. ಮರವಿಲ್ಲದ ನೆಲ. ಸೇಜ್‌ಬ್ರಶ್ ಗಿಡದ ಘಾಟು ವಾಸನೆ, ಕಾಲಿಟ್ಟರೆ ಶೂಗೆ ಹತ್ತುತ್ತದೆ. ನಮ್ಮ ಕೃಷ್ಣಮೃಗಕ್ಕಿಂತ ಸ್ವಲ್ಪ ದಪ್ಪಗಿನ ಈ ಪ್ರಾಣಿಗೆ ಒಂದು ಮೈಲಿ ಆಚೆಯಿಂದಲೇ ಮನುಷ್ಯ ಕಾಣುತ್ತಾನೆ. ಎರಡು ದಿನ ನನ್ನನ್ನು ನೋಡಿ ನೋಡಿ ಓಡಿದವು. ಹಳು ಸೋವುವ ಜನ ಇಲ್ಲ, ನಾಯಿ ಇಲ್ಲ, ಮರೆಗೆ ಒಂದು ಮರ ಇಲ್ಲ.

ಮೂರನೇ ದಿನ ಒಂದು ರ‍್ಯಾಂಚಿನ ಮುದುಕರನ್ನು ಕೇಳಿ, ಅನುಮತಿ ಬರೆಸಿಕೊಂಡು ಅವರ ನೆಲದಲ್ಲಿ ತೆವಳಿದೆ. ಮೊಣಕೈಗೆ ಪಾಪಾಸುಕಳ್ಳಿ ಮುಳ್ಳು. ಹೆಚ್ಚುಕಡಿಮೆ 180 ಗಜ. ಒಂದೇ ಈಡು. ಅಜ್ಜ ಯಾಕೆ ಆ ಗಳಿಗೆಯನ್ನು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು ಅಂತ ಅವತ್ತು ತಿಳಿಯಿತು. ಹೇಳಲು ಜಾಸ್ತಿ ಇಲ್ಲ. ಹತ್ತಿರ ಹೋಗಿ ಮಂಡಿಯೂರಿ ಕೂತೆ. ಕೈ ನಡುಗುತ್ತಿತ್ತು. ತಾರೀಖು ಗುರುತು ಮಾಡಿದೆ. ಬಿಸಿಲು ಏರುವ ಮುಂಚೆ ಕರುಳು ತೆಗೆದು, ಚರ್ಮ ಬಿಡಿಸಿ, ಮಾಂಸವನ್ನು ಐಸಿಗೆ ಹಾಕಬೇಕು. ಈ ಪ್ರಾಣಿಯ ಮಾಂಸ ಕೆಟ್ಟ ವಾಸನೆ ಅನ್ನುವವರು ಅದನ್ನು ಮಧ್ಯಾಹ್ನದವರೆಗೆ ಗಾಡಿಯ ಹಿಂದೆ ಹಾಕಿಕೊಂಡು ಮೆರವಣಿಗೆ ಮಾಡಿದವರು.

ವಾಪಸ್ ಗೇಟಿನ ಹತ್ತಿರ ಬಂದಾಗ ಲೈಸೆನ್ಸಿನ ಜೊತೆಗಿದ್ದ ಒಂದು ಕೂಪನ್ ಕಿತ್ತು ಆ ಮುದುಕರ ಕೈಗೆ ಕೊಟ್ಟೆ. ವಯೋಮಿಂಗಿನಲ್ಲಿ ಹಾಗೊಂದು ಏರ್ಪಾಡಿದೆ. ಖಾಸಗಿ ನೆಲದಲ್ಲಿ ಪ್ರಾಣಿ ಬಿದ್ದರೆ ಆ ನೆಲದ ಯಜಮಾನನಿಗೆ ಬೇಟೆಗಾರ ಕೂಪನ್ ಕೊಡಬೇಕು. ಅವರು ಅದನ್ನು ಇಲಾಖೆಗೆ ಕಳಿಸಿದರೆ ಒಂದು ಸಣ್ಣ ಮೊತ್ತ ಬರುತ್ತದೆ. ಅವರ ಹುಲ್ಲು ತಿಂದು ಬೆಳೆದ ಪ್ರಾಣಿ ತಾನೇ. ಅವರು ಅದನ್ನು ನೋಡದೆ ಜೇಬಿಗೆ ತುರುಕಿಕೊಂಡರು. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. ಹಂದಿ ಯಾರ ತೋಟದಲ್ಲಿ ಬಿತ್ತೋ ಅವರಿಗೊಂದು ಪಾಲು! ಮಾಂಸವೂ ಬೇಕಾ ಅಂತ ಕೇಳಿದೆ. "ನಮ್ಮ ಫ್ರೀಜರಿನಲ್ಲಿ ಜಾಗ ಇಲ್ಲಪ್ಪ" ಅನ್ನುವ ಹಾಗೆ ಏನೋ ಅಂದರು. ಅವರ ನಾಯಿ ನನ್ನ ಶೂ ಮೂಸುತ್ತಿತ್ತು.

ಮೂಳೆ ಬಿಡಿಸಿದ ಮೇಲೆ 13-14 ಕಿಲೋ ಮಾಂಸ ಸಿಕ್ಕಿತು. ಹೆಂಡತಿ ಕಡುಬು ಮಾಡಿದಳು. ಕಾಳುಮೆಣಸು ಊರಿನದು.

ಆಮೇಲೆ ಶೀಟ್ ಸಣ್ಣದಾಯಿತು. ನೆವಾಡಾ, ಅರಿಜೋನಾ ಬಿಟ್ಟೆ. ಆ ಪಾಯಿಂಟುಗಳು ಸಾಯಲಿ. ನಷ್ಟವಾಗಿದ್ದನ್ನು ಉಳಿಸಲು ಮತ್ತೆ ಮತ್ತೆ ದುಡ್ಡು ಹಾಕುವುದು ಅಡಿಕೆ ವ್ಯಾಪಾರದವರಿಗೇ ಸರಿ ಹೋಗಿಲ್ಲ, ನನಗೆ ಹೋದೀತೇ. ಕೊಲರಾಡೋದಲ್ಲಿ 201ರ ಕನಸು ಬಿಟ್ಟು, ಇರುವ 7 ಪಾಯಿಂಟಿಗೆ ಸಿಗುವ ಸಾಧಾರಣ ಯೂನಿಟ್ ಹುಡುಕುತ್ತಿದ್ದೇನೆ. ಅರ್ಜಿ ಏಪ್ರಿಲ್ ಮೊದಲ ಮಂಗಳವಾರದೊಳಗೆ. ನ್ಯೂ ಮೆಕ್ಸಿಕೋಗೆ ಮಾರ್ಚಿನಲ್ಲಿ ಪ್ರತಿ ವರ್ಷ ಹಾಕುತ್ತೇನೆ. ಅಲ್ಲಿ ಪೂರ್ತಿ ದುಡ್ಡು ಮುಂಗಡ ಕಟ್ಟಬೇಕು, ಸಿಗದಿದ್ದರೆ ಟ್ಯಾಗಿನ ದುಡ್ಡು ವಾಪಸ್. ಆ ವಾಪಸ್ ಬಂದ ದುಡ್ಡು ಹೆಂಡತಿಯ ಕಣ್ಣಿಗೆ ಲಾಭದ ಹಾಗೆ ಕಾಣುತ್ತದೆ. ಬಾಕಿ ಎಲ್ಲ ವಯೋಮಿಂಗ್. ಅಲ್ಲಿ ಎಲ್ಕ್ ಡ್ರಾನಲ್ಲಿ ನಾಲ್ಕರಲ್ಲಿ ಒಂದು ಪಾಲು ಪಾಯಿಂಟ್ ನೋಡದೆ ಎತ್ತುವ ಚೀಟಿ. ಹಾಗಾಗಿ ಸೊನ್ನೆ ಪಾಯಿಂಟಿನವನೂ ಆಸೆ ಇಟ್ಟುಕೊಳ್ಳಬಹುದು.

ಕಾರ್ಡಿನ ಒಂದು ಮಾತು ಹೇಳಿಬಿಡುತ್ತೇನೆ. ಒಂದು ವರ್ಷ ಒಂದು ರಾಜ್ಯದಲ್ಲಿ ನನಗೆ ಟ್ಯಾಗ್ ಬಂದಿತ್ತು. ಇಲಾಖೆ ದುಡ್ಡು ಎಳೆಯಲು ಹೋದಾಗ ನನ್ನ ಬ್ಯಾಂಕಿನವರು ಇದು ಯಾರೋ ಕಳ್ಳರ ಕೆಲಸ ಅಂತ ತಡೆದರು. ಟ್ಯಾಗ್ ಹೋಯಿತು. ಡ್ರಾ ತಿಂಗಳಲ್ಲಿ ಬ್ಯಾಂಕಿಗೆ ಮೊದಲೇ ಫೋನ್ ಮಾಡಿ, ಕಾರ್ಡಿನ ಅವಧಿ ಮುಗಿದಿದೆಯಾ ನೋಡಿ. ಇಷ್ಟುದ್ದ ಬರೆದದ್ದರಲ್ಲಿ ನಿಜವಾಗಿ ಉಪಯೋಗಕ್ಕೆ ಬರುವ ಮಾತು ಇದೊಂದೇ ಇರಬಹುದು.

ಈ ವರ್ಷ ಶೀಟಿನಲ್ಲಿ ಒಂದು ಹೊಸ ಸಾಲು ಸೇರಿದೆ. ಹೆಂಡತಿ ಹಂಟರ್ ಎಜುಕೇಷನ್ ಮುಗಿಸಿದ್ದಾಳೆ. "ಕೊಲ್ಲೋದು ನನ್ನಿಂದ ಆಗಲ್ಲ, ಆದ್ರೆ ಆ ಬಯಲು ನೋಡಬೇಕು" ಅನ್ನುತ್ತಾಳೆ. ಬಯಲು ನೋಡಲು ಟ್ಯಾಗ್ ಬೇಡ ಕಣೇ ಅಂದರೆ ಕೇಳಲಿಲ್ಲ. ವಯೋಮಿಂಗಿನಲ್ಲಿ ಇಬ್ಬರು ಒಟ್ಟಿಗೆ ಅರ್ಜಿ ಹಾಕಿದರೆ ಪಾಯಿಂಟಿನ ಸರಾಸರಿ ಹಿಡಿಯುತ್ತಾರೆ. ನನ್ನದು 4, ಅವಳದು ಸೊನ್ನೆ. ಇಬ್ಬರಿಗೂ ಎರಡೆರಡು.

"ಮದುವೆ ಆದ್ಮೇಲೆ ಎಲ್ಲಾ ಹಂಗೇ ಅಲ್ವಾ?" ಅಂತ ಒಳಗಿನಿಂದ ಕೂಗಿದಳು.

ಎರಡೂ ಹೆಸರು ಹಾಕಿದೆ, ಎರಡೂ ಕಡೆ ನಾನ್ ರೆಸಿಡೆಂಟ್ ಒತ್ತಿದೆ. ಕಾರ್ಡಿನ ತಾರೀಖು ಎರಡು ಸಲ ನೋಡಿ ಕಳಿಸಿದೆ. ಫಲಿತಾಂಶ ಮೇ ತಿಂಗಳಲ್ಲಿ. ಫ್ರೀಜರಿನಲ್ಲಿ ಇನ್ನೊಂದೇ ಪೊಟ್ಟಣ ಉಳಿದಿದೆ. ಅದನ್ನು ಯುಗಾದಿಯ ಮಾರನೇ ದಿನದ ಹೊಸತೊಡಕಿಗೆ ಅಂತ ಎತ್ತಿಟ್ಟಿದ್ದೇವೆ.